ಮನೆಮಾರಿಲ್ಲದವರ ಅಹವಾಲು: ಆಂಗ್ಲದೇಶದ ಒಂದು ಕಾಯಿದೆಯ ಚರಿತ್ರೆ

ಇಂಗ್ಲೆಂಡಿನಲ್ಲಿ ಇರಲು ಮನೆಯಿಲ್ಲದವನೊಬ್ಬನು ತನ್ನೂರಿನ ಪೌರಸಭೆಯಲ್ಲಿ ಆಶ್ರಯವನ್ನು ಬೇಡಿ, ಆ ಸಭೆಯು ಕೊಡಲಾಗದೆಂದು ನಿರ್ಣಯಿಸಿದರೆ, ಆ ನಿರ್ಣಯವನ್ನು ಪ್ರಶ್ನಿಸಲು ಅವನಿಗೆ ಇಪ್ಪತ್ತೊಂದು ದಿನಗಳ ಅವಕಾಶವುಂಟು. ಪೌರಸಭೆಯು ತನ್ನ ನಿರ್ಣಯವನ್ನು ಕಾರಣಸಹಿತವಾಗಿ ಬರೆದು ಕೊಡಬೇಕು. ಅವನು ಕೇಳಿದರೆ ಅದನ್ನು ಪುನರ್ವಿಮರ್ಶೆ ಮಾಡಬೇಕು. ಅದರಿಂದಲೂ ಸಮಾಧಾನವಾಗದಿದ್ದರೆ ಅವನು ಕೌಂಟಿ ನ್ಯಾಯಸ್ಥಾನದ ಮೆಟ್ಟಿಲನ್ನು ಹತ್ತಬಹುದು. ನೋಡುವುದಕ್ಕೆ ಇದು ಸಣ್ಣ ವ್ಯವಸ್ಥೆ. ಆದರೆ ಇದು ಏರ್ಪಡುವುದಕ್ಕೆ ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಆ ಕಾಲದ ಬಹುಭಾಗದಲ್ಲಿ ಬಡವನಿಗೆ ಒಮ್ಮೊಮ್ಮೆ ಅನ್ನ ದೊರೆಯಿತು, ಒಮ್ಮೊಮ್ಮೆ ಸೂರು ದೊರೆಯಿತು, ಅನೇಕ ವೇಳೆ ಏಟೂ ದೊರೆಯಿತು. ಕಾರಣವೊಂದು ಮಾತ್ರ ದೊರೆಯಲಿಲ್ಲ.

ಎಲಿಜಬೆತ್ ರಾಣಿಯ ಆಳ್ವಿಕೆಯಲ್ಲಿ, ೧೬೦೧ನೆಯ ಇಸವಿಯಲ್ಲಿ ಆದ ದರಿದ್ರಪೋಷಣೆಯ ಕಾಯಿದೆಯು ಪ್ರತಿಯೊಂದು ಪ್ಯಾರಿಷಿನ ಮೇಲೂ, ಎಂದರೆ ಒಂದು ಚರ್ಚಿಗೆ ಒಳಪಟ್ಟ ಗ್ರಾಮಸೀಮೆಯ ಮೇಲೂ, ತನ್ನ ಬಡವರನ್ನು ತಾನೇ ಸಾಕಬೇಕೆಂಬ ಹೊಣೆಯನ್ನು ಹೊರಿಸಿತು. ಮನೆ ಹೊಲಗಳುಳ್ಳವರಿಂದ ಕಂದಾಯವನ್ನೆತ್ತಿ ಬಡವರಿಗೆ ಹಂಚಲು ಮೇಲ್ವಿಚಾರಕರು ನೇಮಕವಾದರು. ಧರ್ಮವು ಕಂದಾಯವಾದೊಡನೆಯೇ 'ನಮ್ಮ ಬಡವರು', 'ಪರಸ್ಥಳದ ಬಡವರು' ಎಂಬ ಭೇದವು ಬಲಿಯಿತು. ೧೬೬೨ನೆಯ ಇಸವಿಯಲ್ಲಿ, ಎರಡನೆಯ ಚಾರ್ಲ್ಸ್ ದೊರೆಯ ಕಾಲದಲ್ಲಿ, ಈ ಭೇದಕ್ಕೆ ಶಾಸನದ ಮುದ್ರೆಯೂ ಬಿದ್ದಿತು. ಹೊಸದಾಗಿ ಊರಿಗೆ ಬಂದವನು ಮುಂದೆ ಊರಿನ ಮೇಲೆ ಭಾರವಾಗಬಹುದೆಂದು ಮೇಲ್ವಿಚಾರಕರಿಗೆ ತೋರಿದರೆ, ನಲವತ್ತು ದಿನಗಳೊಳಗಾಗಿ ದೂರು ಕೊಟ್ಟು, ಇಬ್ಬರು ಮ್ಯಾಜಿಸ್ಟ್ರೇಟರ ಅಪ್ಪಣೆಯನ್ನು ಪಡೆದು, ಅವನನ್ನು ಹಿಂದಿನ ಊರಿಗೆ ಸಾಗಿಸಬಹುದಾಗಿದ್ದಿತು. ವರ್ಷಕ್ಕೆ ಹತ್ತು ಪೌಂಡು ಬಾಡಿಗೆಯ ಮನೆಯನ್ನು ಹಿಡಿಯಬಲ್ಲವನಿಗೆ ಈ ಬಾಧೆಯಿರಲಿಲ್ಲ. ಬಂದವನು ಏನನ್ನೂ ಬೇಡಿರಬೇಕಾಗಿಯೂ ಇರಲಿಲ್ಲ. ಮುಂದೊಮ್ಮೆ ಬೇಡಿಯಾನೆಂಬ ಶಂಕೆಯೇ ಸಾಕಾಗಿದ್ದಿತು.

ಈ ಕಾಯಿದೆಯಲ್ಲಿಯೂ ಅಪೀಲಿಗೆ ಅವಕಾಶವಿದ್ದಿತೆಂಬುದು ಗಮನಿಸತಕ್ಕ ವಿಷಯ. ಅಪ್ಪಣೆಯಿಂದ ನೊಂದವರು ಮೂರು ತಿಂಗಳಿಗೊಮ್ಮೆ ಸೇರುತ್ತಿದ್ದ ನ್ಯಾಯಸಭೆಗೆ ದೂರಿಕೊಳ್ಳಬಹುದೆಂದು ಬರೆದಿದ್ದಿತು. ಆದರೆ ವ್ಯವಹಾರದಲ್ಲಿ ಆ ಬಾಗಿಲನ್ನು ತಟ್ಟಿದವರು ಬಹುಮಟ್ಟಿಗೆ ಬಡವರಲ್ಲ, ಪ್ಯಾರಿಷುಗಳು. ಒಂದು ಊರು ಅಟ್ಟಿದವನನ್ನು ಮತ್ತೊಂದು ಊರು ತನ್ನವನಲ್ಲವೆಂದು ವಾದಿಸಿತು. ಒಬ್ಬ ಕೂಲಿಯವನು ಎಲ್ಲಿಯವನೆಂಬುದನ್ನು ಸ್ಥಾಪಿಸಲು ಎರಡು ಊರುಗಳು ವಕೀಲರಿಗೆ ತೆತ್ತ ಹಣದಲ್ಲಿ ಅವನನ್ನು ಹಲವು ಕಾಲ ಸಾಕಬಹುದಾಗಿದ್ದ ಪ್ರಸಂಗಗಳೂ ಇದ್ದಿರಬೇಕು. ವಿವಾಹವಿಲ್ಲದೆ ಹುಟ್ಟಿದ ಕೂಸು ಹುಟ್ಟಿದ ಊರಿಗೇ ಸೇರತಕ್ಕದ್ದೆಂಬ ನಿಯಮವಿದ್ದುದರಿಂದ, ಬಸುರಿಯರಾದ ಬಡ ಹೆಂಗಸರನ್ನು ಹೆರಿಗೆಗೆ ಮುಂಚೆ ಎಲ್ಲೆಯಿಂದಾಚೆಗೆ ನೂಕುವುದು ಮೇಲ್ವಿಚಾರಕರ ಜಾಣತನವೆನಿಸಿಕೊಂಡಿತು. ಈ ವ್ಯಾಜ್ಯಗಳಲ್ಲಿ ಬಡವನು ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ, ವ್ಯಾಜ್ಯದ ವಸ್ತು.

೧೮೩೪ರ ಹೊಸ ಕಾಯಿದೆಯು ವರ್ಕ್‌ಹೌಸುಗಳನ್ನು ದೇಶದಾದ್ಯಂತ ಹರಡಿತು. ಅಲ್ಲಿಯ ಬಾಳು ಹೊರಗಿನ ಅತಿ ಬಡ ಕೂಲಿಕಾರನ ಬಾಳಿಗಿಂತಲೂ ಕೀಳಾಗಿರಬೇಕೆಂಬುದೇ ಅದರ ಮೂಲಸೂತ್ರ. ಗಂಡನನ್ನೂ ಹೆಂಡತಿಯನ್ನೂ ಬೇರೆಬೇರೆಯಾಗಿ ಇಡುತ್ತಿದ್ದರು. ಆ ಮನೆಗಳ ಕಥೆಯನ್ನು ಆಂಗ್ಲ ಕಾದಂಬರಿಗಳ ಮೂಲಕ ಅನೇಕ ವಾಚಕರು ಬಲ್ಲರಾದುದರಿಂದ ಇಲ್ಲಿ ವಿಸ್ತರಿಸಬೇಕಾದುದಿಲ್ಲ.

ಎರಡನೆಯ ಮಹಾಯುದ್ಧವು ಮುಗಿದ ಮೇಲೆ ೧೯೪೮ರಲ್ಲಿ ಬಂದ ರಾಷ್ಟ್ರೀಯ ಸಹಾಯದ ಕಾಯಿದೆಯು ಹಳೆಯ ದರಿದ್ರಶಾಸನವನ್ನು ಸಮೂಲವಾಗಿ ರದ್ದುಪಡಿಸಿತು. ಮುಂಗಾಣಲಾರದ ಕಾರಣಗಳಿಂದ ತುರ್ತಾಗಿ ಆಶ್ರಯ ಬೇಕಾದವರಿಗೆ ತಾತ್ಕಾಲಿಕ ವಸತಿಯನ್ನು ಒದಗಿಸುವುದು ಪ್ರಾಂತ ಮಂಡಲಿಗಳ ಕರ್ತವ್ಯವೆಂದು ಅದು ವಿಧಿಸಿತು. ಉದ್ದೇಶವು ಉದಾರವಾದುದೇ. ಆದರೆ ಮನೆಗಳನ್ನು ಕಟ್ಟುವ ಅಧಿಕಾರವು ಒಂದು ಇಲಾಖೆಯ ಕೈಯಲ್ಲಿದ್ದು, ಮನೆಯಿಲ್ಲದವರ ಹೊಣೆಯು ಮತ್ತೊಂದು ಇಲಾಖೆಗೆ ಬಂದಿದ್ದಿತು. ಬಾಡಿಗೆಯ ಮನೆಯಿಂದ ಹೊರಗೆ ಹಾಕಲ್ಪಟ್ಟುದು 'ಮುಂಗಾಣಬಹುದಾದ' ಸಂಗತಿಯೇ ಹೌದಷ್ಟೆ ಎಂದು ಹೇಳಿ ಹಿಂದಕ್ಕೆ ಕಳುಹಿಸುವುದಕ್ಕೂ ಆಸ್ಪದವಿದ್ದಿತು. ಎಲ್ಲಕ್ಕೂ ಮಿಗಿಲಾಗಿ, ವರ್ಕ್‌ಹೌಸಿನ ಹೆಸರು ಹೋಯಿತಾದರೂ ಅದರ ನಡವಳಿಕೆಯು ಹಲವೆಡೆಗಳಲ್ಲಿ ಉಳಿದುಕೊಂಡಿತು.

ಅದಕ್ಕೆ ಕೆಂಟ್ ಪ್ರಾಂತದ ವೆಸ್ಟ್ ಮಾಲಿಂಗಿನಲ್ಲಿದ್ದ ಕಿಂಗ್ ಹಿಲ್ ಎಂಬ ಆಶ್ರಯಗೃಹವೇ ಸಾಕ್ಷಿ. ಇಲ್ಲಿ ತಾಯಿಮಕ್ಕಳಿಗೆ ಮಾತ್ರ ಎಡೆಯಿದ್ದಿತು. ಗಂಡಂದಿರು ಗೊತ್ತುಮಾಡಿದ ಹೊತ್ತಿನಲ್ಲಿ ಬಂದು, ಹೆಂಡಿರು ಮಕ್ಕಳನ್ನು ನೋಡಿಕೊಂಡು, ಹೊರಟುಹೋಗಬೇಕಾಗಿದ್ದಿತು. ಇರಬಹುದಾದ ಅವಧಿಯೂ ಮಿತವಾದುದು; ಅದು ಮುಗಿದರೆ ತಾಯಿಯು ಹೊರಕ್ಕೆ, ಮಕ್ಕಳು ಮಂಡಲಿಯ ಪಾಲನೆಗೆ. ೧೯೬೫ರಲ್ಲಿ ಅಲ್ಲಿಯ ಕುಟುಂಬಗಳು ಈ ಕಟ್ಟಳೆಯನ್ನು ಧಿಕ್ಕರಿಸಿದುವು. ಗಂಡಂದಿರು ಒಳಗೆ ಬಂದು ಹೆಂಡಿರ ಜೊತೆಯಲ್ಲಿಯೇ ನೆಲಸಿದರು. ಅವಧಿ ತೀರಿದವರು ಕದಲಲಿಲ್ಲ. ಮಂಡಲಿಯು ನ್ಯಾಯಸ್ಥಾನಕ್ಕೆ ಹೋಗಿ ನಿರೋಧಾಜ್ಞೆಗಳನ್ನು ತಂದಿತು. ಅವನ್ನು ಮೀರಿದುದಕ್ಕಾಗಿ ಕೆಲವರು ಗಂಡಂದಿರು ಸೆರೆಮನೆಗೂ ಹೋದರು. ತನ್ನ ಹೆಂಡತಿ ಮಕ್ಕಳೊಡನೆ ಒಂದೇ ಸೂರಿನಡಿಯಲ್ಲಿ ಮಲಗಿದ ಅಪರಾಧಕ್ಕಾಗಿ ಗೃಹಸ್ಥನೊಬ್ಬನು ಸೆರೆಗೆ ಹೋದ ವಾರ್ತೆಯು ಪತ್ರಿಕೆಗಳಲ್ಲಿ ಬಂದಾಗ ದೇಶವು ಕಿವಿಗೊಟ್ಟಿತು. ಕಡೆಗೆ ಮಂಡಲಿಯು ೧೯೬೬ರಲ್ಲಿ ತನ್ನ ಕಟ್ಟಳೆಗಳನ್ನು ಸಡಿಲಿಸಿತು. ಇಲ್ಲಿ ಗೆಲುವನ್ನು ತಂದುದು ಕಾನೂನಲ್ಲ. ಕಾನೂನು ಮಂಡಲಿಯ ಪಕ್ಷದಲ್ಲಿಯೇ ಇದ್ದಿತು. ಈ ಕಾರಣದಿಂದಲೇ ಈ ಪ್ರಸಂಗವು ಈ ಚರಿತ್ರೆಯಲ್ಲಿ ದೊಡ್ಡ ಸ್ಥಾನವನ್ನು ಪಡೆಯತಕ್ಕದ್ದು.

ಅದೇ ೧೯೬೬ರ ನವೆಂಬರ್ ೧೬ರಂದು ಬಿ.ಬಿ.ಸಿ. ಸಂಸ್ಥೆಯು 'ಕ್ಯಾಥಿ ಕಮ್ ಹೋಮ್' ಎಂಬ ನಾಟಕವನ್ನು ಟೆಲಿವಿಷನ್ನಿನಲ್ಲಿ ತೋರಿಸಿತು. ಜೆರೆಮಿ ಸ್ಯಾಂಡ್‌ಫರ್ಡ್ ಬರೆದು ಕೆನ್ ಲೋಚ್ ನಿರ್ದೇಶಿಸಿದ ಆ ಕಥೆಯಲ್ಲಿ ಒಂದು ಎಳೆಯ ಸಂಸಾರವು ಮನೆಯನ್ನು ಕಳೆದುಕೊಂಡು, ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದು, ಕೊನೆಗೆ ಮಕ್ಕಳನ್ನೂ ಕಳೆದುಕೊಳ್ಳುತ್ತದೆ. ಸುಮಾರು ಒಂದು ಕೋಟಿ ಇಪ್ಪತ್ತು ಲಕ್ಷ ಜನರು ಅದನ್ನು ನೋಡಿದರೆನ್ನುತ್ತಾರೆ. ಹದಿನೈದು ದಿನಗಳ ತರುವಾಯ, ಡಿಸೆಂಬರ್ ೧ರಂದು, 'ಷೆಲ್ಟರ್' ಎಂಬ ಸೇವಾಸಂಸ್ಥೆಯು ಪ್ರಾರಂಭವಾಯಿತು.

ಜನರ ಮನಸ್ಸು ಕರಗಿತಾದರೂ ನ್ಯಾಯಸ್ಥಾನದ ಬಾಗಿಲು ತೆರೆಯಲಿಲ್ಲ. ಲಂಡನ್ನಿನ ಸದರ್ಕ್ ವಿಭಾಗದಲ್ಲಿ ಪೌರಸಭೆಗೆ ಸೇರಿದ ಹಲವು ಮನೆಗಳು ಖಾಲಿ ಬಿದ್ದಿದ್ದುವು. ಎಲ್ಲಿಯೂ ಎಡೆ ದೊರೆಯದ ಕುಟುಂಬಗಳು ಅವುಗಳಲ್ಲಿ ನುಗ್ಗಿ ನೆಲಸಿದುವು. ಪೌರಸಭೆಯು ಅವರನ್ನು ಬಿಡಿಸಲು ದಾವೆ ಹೂಡಿದಾಗ, ಆಪತ್ಕಾಲದ ಅನಿವಾರ್ಯತೆಯೇ ತಮಗೆ ಸಮರ್ಥನೆಯೆಂದೂ, ೧೯೪೮ರ ಕರ್ತವ್ಯವನ್ನು ಪೌರಸಭೆಯೇ ಮುರಿದಿದೆಯೆಂದೂ ಅವರು ವಾದಿಸಿದರು. ಡೆನಿಂಗ್ ಪ್ರಭುವು ಎರಡನ್ನೂ ಒಪ್ಪಲಿಲ್ಲ. ಮನೆಯಿಲ್ಲವೆಂಬುದನ್ನು ಒಮ್ಮೆ ಸಮರ್ಥನೆಯಾಗಿ ಅಂಗೀಕರಿಸಿದರೆ ಯಾರ ಮನೆಯೂ ಭದ್ರವಾಗಿ ಉಳಿಯದೆಂಬುದು ಆತನ ಅಭಿಪ್ರಾಯ. ಇನ್ನು ಕರ್ತವ್ಯಲೋಪದ ಮಾತು: ಅದಕ್ಕೆ ಪರಿಹಾರವನ್ನು ಮಂತ್ರಿಯಲ್ಲಿ ಬೇಡಬೇಕೇ ಹೊರತು ನ್ಯಾಯಸ್ಥಾನದಲ್ಲಲ್ಲ. ಮೊದಲನೆಯ ಮಾತಿನಲ್ಲಿ ನ್ಯಾಯವುಂಟು. ಎರಡನೆಯದು ಮಾತ್ರ ಕಠಿನವಾದುದು. ಬೀದಿಯಲ್ಲಿ ಮಕ್ಕಳೊಡನೆ ನಿಂತಿರುವ ತಾಯಿಗೆ ಮಂತ್ರಿಯ ಬಳಿಗೆ ಹೋಗೆಂದು ಹೇಳುವುದೂ ಒಂದೇ, ಎಲ್ಲಿಗೂ ಹೋಗಬೇಡವೆಂದು ಹೇಳುವುದೂ ಒಂದೇ.

೧೯೭೭ರಲ್ಲಿ ಸ್ಥಿತಿಯು ಬದಲಾಯಿತು. ವೈಟ್ ದ್ವೀಪದ ಪ್ರತಿನಿಧಿಯೂ ಲಿಬರಲ್ ಪಕ್ಷದವನೂ ಆದ ಸ್ಟೀಫನ್ ರಾಸ್ ಎಂಬಾತನು ಖಾಸಗಿ ಸದಸ್ಯನಾಗಿ ಒಂದು ಮಸೂದೆಯನ್ನು ತಂದನು; ಆಗಿನ ಲೇಬರ್ ಸರ್ಕಾರವು ಬೆಂಬಲ ಕೊಟ್ಟಿತು. ಹೊಣೆಯು ಇನ್ನು ಮೇಲೆ ಮನೆಗಳ ಅಧಿಕಾರವುಳ್ಳ ಪೌರಸಭೆಗಳದೇ ಆಯಿತು. ಮಸೂದೆಗೆ ಪ್ರತಿಭಟನೆಯು ಕಡಮೆಯಿರಲಿಲ್ಲ. ಇದು ಪರಾನ್ನಭೋಜಿಗಳಿಗೆ ಬರೆದುಕೊಟ್ಟ ಸನ್ನದೆಂದು ಕೆಲವರು ಸದಸ್ಯರು ಮೂದಲಿಸಿದರು. ಅವರನ್ನೂ ಪೌರಸಭೆಗಳನ್ನೂ ಸಮಾಧಾನಪಡಿಸಲು, ಬುದ್ಧಿಪೂರ್ವಕವಾಗಿ ಮನೆಯನ್ನು ಕಳೆದುಕೊಂಡವರಿಗೆ ಪೂರ್ಣವಾದ ಹಕ್ಕಿಲ್ಲವೆಂಬ ವಿಧಿಯನ್ನು ಸೇರಿಸಲಾಯಿತು. ಹೀಗೆ ಅರ್ಜಿದಾರನು ನಾಲ್ಕು ಬಾಗಿಲುಗಳನ್ನು ದಾಟಬೇಕಾಯಿತು: ಅವನಿಗೆ ನಿಜವಾಗಿಯೂ ಮನೆಯಿಲ್ಲವೆ, ಮಕ್ಕಳೊಂದಿಗರು, ಗರ್ಭಿಣಿಯರು, ವೃದ್ಧರು, ರೋಗಿಗಳು ಮೊದಲಾದ ಆದ್ಯತೆಯ ವರ್ಗಕ್ಕೆ ಅವನು ಸೇರಿದವನೆ, ಮನೆಯನ್ನು ತಾನೇ ಬಿಟ್ಟುಬಂದವನಲ್ಲವೆ, ಈ ಊರಿಗೂ ಅವನಿಗೂ ಸಂಬಂಧವುಂಟೆ. ಕೊನೆಯ ಪ್ರಶ್ನೆಯಲ್ಲಿ ೧೬೬೨ರ ದನಿಯು ಕೇಳಿಬರುತ್ತದೆ. ಮೂರನೆಯದರ ವಿಷಯದಲ್ಲಿ ಭಾರತೀಯ ವಾಚಕನಿಗೆ ಒಂದು ಸೋಜಿಗ ತೋರಬಹುದು. ನಮ್ಮ ಗ್ರಂಥಗಳಲ್ಲಿ ಅನಿಕೇತನೆಂಬುದು ಪ್ರಶಂಸೆಯ ಮಾತು. ಮನೆಯನ್ನು ತಾನಾಗಿ ತೊರೆದವನಿಗೆ ಭಿಕ್ಷೆಯಿಕ್ಕುವುದು ಗೃಹಸ್ಥನ ಧರ್ಮ. ಆಂಗ್ಲ ಶಾಸನದಲ್ಲಿ ತಾನಾಗಿ ತೊರೆದವನಿಗೇ ಬಾಗಿಲು ಮುಚ್ಚಿದೆ.

ಆದರೆ ಆ ಕಾಯಿದೆಯ ಎಂಟನೆಯ ವಿಧಿಯೇ ಬೇರೆಲ್ಲಕ್ಕಿಂತ ಮಹತ್ತರವಾದುದೆನ್ನಬೇಕು. ಪೌರಸಭೆಯು ತನ್ನ ನಿರ್ಣಯವನ್ನು ಅರ್ಜಿದಾರನಿಗೆ ತಿಳಿಸಬೇಕು. ಅದು ಪ್ರತಿಕೂಲವಾಗಿದ್ದರೆ ಕಾರಣಗಳನ್ನೂ ತಿಳಿಸಬೇಕು. ಪ್ರತಿಜ್ಞೆಯ ಬೆನ್ನಿಗೆ ಹೇತುವನ್ನು ಹೇಳದಿದ್ದರೆ ಅದು ವಾದವೇ ಆಗದೆಂಬುದು ತರ್ಕಶಾಸ್ತ್ರದ ಮೊದಲ ಪಾಠ. ಹೇತುವನ್ನು ಹೇಳಿದ ಮೇಲೆ ಅದು ಸದ್ಧೇತುವೋ ಹೇತ್ವಾಭಾಸವೋ ಎಂದು ಪರೀಕ್ಷಿಸಬಹುದು. ಅಲ್ಲಿಯವರೆಗೆ ಪೌರಸಭೆಯ 'ಇಲ್ಲ'ವು ಬರಿಯ ಗೋಡೆಯಾಗಿದ್ದಿತು. ಆ ದಿನದಿಂದ ಅದರಲ್ಲಿ ಬಿರುಕು ಹುಡುಕುವುದು ಸಾಧ್ಯವಾಯಿತು.

ಪರೀಕ್ಷಿಸುವವರಾರು? ಕಾಯಿದೆಯು ಅದನ್ನು ಹೇಳಿರಲಿಲ್ಲ. ೧೯೭೯ರಲ್ಲಿ ಕರ್ಕ್‌ಲೀಸ್ ಪೌರಸಭೆಯ ಪ್ರಕರಣದಲ್ಲಿ, ಸಮೀಪದ ಕೌಂಟಿ ನ್ಯಾಯಸ್ಥಾನದಲ್ಲಿಯೇ ನಷ್ಟಪರಿಹಾರದ ದಾವೆಯನ್ನು ಹೂಡಬಹುದೆಂದು ತೀರ್ಪಾಯಿತು. ಮೂರು ವರ್ಷಗಳಾದ ಮೇಲೆ ಥ್ಯಾನೆಟ್ ಪೌರಸಭೆಯ ಪ್ರಕರಣದಲ್ಲಿ ಲಾರ್ಡ್ಸ್ ಸಭೆಯು ಆ ಹಾದಿಯನ್ನು ಮುಚ್ಚಿತು. ಇಂತಹ ನಿರ್ಣಯವನ್ನು ಪ್ರಶ್ನಿಸುವವನು ಮೊದಲು ಹೈಕೋರ್ಟಿನ ಅನುಮತಿಯನ್ನು ಪಡೆದು ನ್ಯಾಯಿಕ ಪರಾಮರ್ಶೆಯನ್ನು ಕೋರಬೇಕು. ಅಲ್ಲಿಯೂ ನ್ಯಾಯಾಧಿಪತಿಗಳು ಪೌರಸಭೆಯು ನಿಯಮಾನುಸಾರವಾಗಿ ಯೋಚಿಸಿತೆ ಎಂಬುದನ್ನು ನೋಡುವರೇ ಹೊರತು ಅದರ ಯೋಚನೆ ಸರಿಯೆ ಎಂಬುದನ್ನಲ್ಲ.

೧೯೮೬ರ ಹಿಲಿಂಗ್ಡನ್ ಪ್ರಕರಣವು ಈ ಹಾದಿಯ ಇಕ್ಕಟ್ಟನ್ನು ಎಲ್ಲರಿಗೂ ತೋರಿಸಿಕೊಟ್ಟಿತು. ಗಂಡ, ಹೆಂಡತಿ, ಇಬ್ಬರು ಮಕ್ಕಳು ಒಂದು ಗೆಸ್ಟ್‌ಹೌಸಿನ ಒಂದೇ ಕೋಣೆಯಲ್ಲಿದ್ದರು. ಅಡಿಗೆ ಮಾಡುವ ಅನುಕೂಲವಿಲ್ಲ. ಬಟ್ಟೆ ಒಗೆಯುವ ಅನುಕೂಲವಿಲ್ಲ. ಊಟವನ್ನು ಹೊರಗೆ ಕೊಂಡು, ಬಟ್ಟೆಯನ್ನು ಹೊರಗೆ ಹಣ ಕೊಟ್ಟು ಒಗೆದು, ಸರ್ಕಾರವು ಕೊಡುವ ಸಹಾಯದ್ರವ್ಯದ ಹೆಚ್ಚು ಪಾಲು ಅದರಲ್ಲಿಯೇ ಸವೆದುಹೋಗುತ್ತಿದ್ದಿತು. ಇವರಿಗೆ ವಸತಿಯಿದೆ, ಆದುದರಿಂದ ಇವರು ನಿರ್ವಸತಿಕರಲ್ಲ ಎಂದು ಪೌರಸಭೆಯು ನಿರ್ಣಯಿಸಿತು. ಲಾರ್ಡ್ಸ್ ಸಭೆಯು ಅದನ್ನೇ ಎತ್ತಿಹಿಡಿಯಿತು. ಕಾಯಿದೆಯಲ್ಲಿ 'ವಸತಿ' ಎಂದಿದೆಯಲ್ಲದೆ 'ಯೋಗ್ಯವಾದ ವಸತಿ' ಎಂದಿಲ್ಲವೆಂಬುದು ಬ್ರೈಟ್‌ಮನ್ ಪ್ರಭುವಿನ ವಾದ. ಪೀಪಾಯಿಯಲ್ಲಿ ವಾಸಿಸಿದ ಗ್ರೀಕ್ ತತ್ತ್ವಜ್ಞ ಡಯೋಜಿನೀಸನಿಗೆ ವಸತಿಯಿದ್ದಿತೆಂದು ಹೇಳಲಾಗದೆಂದು ಆತನು ಒಪ್ಪಿಕೊಂಡನು. ಆದರೆ ಪೀಪಾಯಿಗಿಂತ ಮೇಲಾದುದು ಯಾವುದು ವಸತಿ, ಯಾವುದು ಅಲ್ಲ ಎಂಬುದನ್ನು ಪೌರಸಭೆಯ ವಿವೇಚನೆಗೇ ಬಿಟ್ಟನು. ಇದಲ್ಲದೆ, ಇಂತಹ ವಿಷಯಗಳಲ್ಲಿ ಹೈಕೋರ್ಟನ್ನು ಮೇಲಿಂದ ಮೇಲೆ ಆಶ್ರಯಿಸುತ್ತಿರುವುದು ತಕ್ಕುದಲ್ಲವೆಂದೂ ಎಚ್ಚರಿಸಿದನು. ಶಬ್ದಾರ್ಥವನ್ನು ನೋಡಿದರೆ ತೀರ್ಪಿನಲ್ಲಿ ತಪ್ಪು ಕಾಣುವುದು ಕಷ್ಟ. ತಾತ್ಪರ್ಯವನ್ನು ಬಿಟ್ಟು ಅಕ್ಷರವನ್ನು ಹಿಡಿದರೆ ವ್ಯಾಖ್ಯಾನವು ಎಲ್ಲಿಗೆ ಮುಟ್ಟುವುದೆಂಬುದಕ್ಕೂ ಅದು ಒಳ್ಳೆಯ ನಿದರ್ಶನ.

ಪಾರ್ಲಿಮೆಂಟು ಅದೇ ವರ್ಷದಲ್ಲಿಯೇ ಅಕ್ಷರವನ್ನು ತಿದ್ದಿತು. ಮುಂದೆಯೂ ವಾಸಿಸುವುದು ಯುಕ್ತವೆನಿಸುವಂತಹ ವಸತಿಯಿಲ್ಲದವನು ವಸತಿಯಿಲ್ಲದವನೇ ಎಂದು ಸೇರಿಸಿತು. ಆದರೆ ಯುಕ್ತಾಯುಕ್ತವನ್ನು ತೂಗುವಾಗ ಆ ಊರಿನಲ್ಲಿ ಮನೆಗಳ ಸಾಮಾನ್ಯಸ್ಥಿತಿ ಹೇಗಿದೆಯೆಂಬುದನ್ನೂ ಪೌರಸಭೆಯು ನೋಡಬಹುದೆಂದು ಜೊತೆಯಲ್ಲಿಯೇ ಹೇಳಿತು.

ಇಲ್ಲಿ ಪೌರಸಭೆಗಳ ಪಕ್ಷದ ಮಾತನ್ನೂ ಹೇಳುವುದು ನ್ಯಾಯ. ೧೯೮೦ರ ಕಾಯಿದೆಯು ಪೌರಸಭೆಯ ಮನೆಗಳಲ್ಲಿದ್ದ ಒಕ್ಕಲುಗಳಿಗೆ ಅವನ್ನು ರಿಯಾಯಿತಿ ಬೆಲೆಗೆ ಕೊಳ್ಳುವ ಹಕ್ಕನ್ನು ಕೊಟ್ಟಿತು. ಹತ್ತು ವರ್ಷಗಳಲ್ಲಿ ಬ್ರಿಟನ್ನಿನಲ್ಲಿ ಹತ್ತು ಲಕ್ಷಕ್ಕಿಂತ ಹೆಚ್ಚು ಮನೆಗಳು ಹೀಗೆ ಕೈಬಿಟ್ಟವು; ಅವುಗಳ ಸ್ಥಾನದಲ್ಲಿ ಅಷ್ಟು ಮನೆಗಳು ಏಳಲಿಲ್ಲ. ಕೊಡಬೇಕೆಂಬ ಶಾಸನವು ಒಂದು ಕೈಯಲ್ಲಿ, ಕೊಡುವುದಕ್ಕಿದ್ದುದನ್ನು ತೆಗೆದುಕೊಳ್ಳುವ ಶಾಸನವು ಮತ್ತೊಂದು ಕೈಯಲ್ಲಿ. ಕಚೇರಿಯ ಮೇಜಿನ ಹಿಂದೆ ಕುಳಿತ ಅಧಿಕಾರಿಯು ನಿರ್ದಯನಾಗಿಯೇ ಇರಬೇಕಾಗಿಲ್ಲ. ಬೀಗದ ಕೈಗಳು ಹತ್ತಿದ್ದು ಅರ್ಜಿಗಳು ನೂರಾದಾಗ, ತೊಂಬತ್ತು ಮಂದಿಗೆ ಹೇಳತಕ್ಕ ಕಾರಣಗಳನ್ನು ಅವನು ಹುಡುಕಲೇಬೇಕಾಗುತ್ತದೆ. ಕಾರಣಗಳ ಪರೀಕ್ಷೆಯು ಅವಶ್ಯಕವಾಗುವುದೂ ಅದರಿಂದಲೇ.

೧೯೯೬ರ ವಸತಿ ಕಾಯಿದೆಯು ವಿಚಿತ್ರವಾದ ಮಿಶ್ರಣ. ಒಂದು ಕಡೆ ಅದು ಪೌರಸಭೆಯ ಮುಖ್ಯ ಕರ್ತವ್ಯವನ್ನು ಎರಡು ವರ್ಷಗಳಿಗೆ ಮಿತಗೊಳಿಸಿತು. ಈ ಮಿತಿಯು ೨೦೦೨ರ ಕಾಯಿದೆಯಿಂದ ತೊಲಗಿತು. ಮತ್ತೊಂದು ಕಡೆ, ಇಂದು ನಡೆಯುತ್ತಿರುವ ಪುನರ್ವಿಮರ್ಶೆಯ ಹಕ್ಕನ್ನು ಮೊದಲ ಬಾರಿಗೆ ಶಾಸನದಲ್ಲಿ ನಿಲ್ಲಿಸಿದುದೂ ಅದೇ. ಮೊದಲಿನ ನಿರ್ಣಯದಲ್ಲಿ ಕೈಯಿಡದ, ಅದನ್ನು ಮಾಡಿದವನಿಗಿಂತ ಹಿರಿಯನಾದ ಅಧಿಕಾರಿಯು ಮರುವಿಚಾರಣೆ ಮಾಡಬೇಕು. ಮೊದಲಿನ ನಿರ್ಣಯದಲ್ಲಿ ಕೊರತೆಯಿದ್ದರೂ ಅದನ್ನೇ ಸ್ಥಿರಪಡಿಸುವ ಯೋಚನೆ ಅವನಿಗಿದ್ದರೆ, ಮುಂಚಿತವಾಗಿ ಅರ್ಜಿದಾರನಿಗೆ ತಿಳಿಸಿ, ಬರಹದಿಂದಾಗಲಿ ಬಾಯಿಮಾತಿನಿಂದಾಗಲಿ ಉತ್ತರ ಹೇಳಲು ಎಡೆಗೊಡಬೇಕು. ಬಳಿಕ ಕಾನೂನಿನ ಅಂಶದ ಮೇಲೆ ಕೌಂಟಿ ನ್ಯಾಯಸ್ಥಾನಕ್ಕೆ ಅಪೀಲು; ಅದಕ್ಕೂ ಇಪ್ಪತ್ತೊಂದು ದಿನಗಳು. ಥ್ಯಾನೆಟ್ ಪ್ರಕರಣದಲ್ಲಿ ಮುಚ್ಚಿದ ಬಾಗಿಲು ಹದಿನಾಲ್ಕು ವರ್ಷಗಳ ಮೇಲೆ ಅರ್ಧದಷ್ಟು ತೆರೆಯಿತೆನ್ನಬಹುದು.

ಮರುವಿಚಾರಣೆ ಮಾಡುವವನು ಪೌರಸಭೆಯ ಸಂಬಳಗಾರನೇ ಅಲ್ಲವೆ ಎಂಬ ಆಕ್ಷೇಪವು ಸಹಜವಾದುದು. ಲಂಡನ್ನಿನ ಟವರ್ ಹ್ಯಾಮ್ಲೆಟ್ಸ್ ವಿಭಾಗದ ಹೆಂಗಸೊಬ್ಬಳು, ತನಗೆ ಕೊಡಬಂದ ಮನೆಯ ಸುತ್ತಮುತ್ತಲ ಪ್ರದೇಶವು ಅಪಾಯಕರವೆಂದು ಅದನ್ನು ನಿರಾಕರಿಸಿದ್ದಳು. ಪೌರಸಭೆಯ ಅಧಿಕಾರಿಣಿಯು ಮರುವಿಚಾರಣೆ ನಡಸಿ ನಿರಾಕರಣೆಯು ಅಯುಕ್ತವೆಂದಳು. ತನ್ನ ವ್ಯಾಜ್ಯದಲ್ಲಿ ತಾನೇ ನ್ಯಾಯಾಧಿಪತಿಯಾಗುವುದು ಮಾನವಹಕ್ಕುಗಳ ಒಡಂಬಡಿಕೆಗೆ ವಿರುದ್ಧವೆಂಬ ವಾದವು ೨೦೦೩ರಲ್ಲಿ ಲಾರ್ಡ್ಸ್ ಸಭೆಯ ಮುಂದೆ ಬಂದಿತು. ಅಧಿಕಾರಿಣಿಯು ಸ್ವತಂತ್ರಳಲ್ಲವೆಂಬುದನ್ನು ಸಭೆಯು ಒಪ್ಪಿಕೊಂಡಿತು; ಆದರೆ ಮೇಲೆ ಕೌಂಟಿ ನ್ಯಾಯಸ್ಥಾನದ ಅಪೀಲು ಇರುವುದರಿಂದ ಒಟ್ಟು ವ್ಯವಸ್ಥೆಯು ಸಾಕೆಂದಿತು. ೨೦೧೦ರಲ್ಲಿ ಬರ್ಮಿಂಗ್‌ಹ್ಯಾಮಿನ ಪ್ರಕರಣದಲ್ಲಿ ಹೊಸ ಸುಪ್ರೀಂ ಕೋರ್ಟು ಒಂದು ಹೆಜ್ಜೆ ಮುಂದುವರಿದು, ಇಂತಹ ನೆರವು ಒಡಂಬಡಿಕೆಯ ಅರ್ಥದಲ್ಲಿ ನಾಗರಿಕ ಹಕ್ಕೇ ಅಲ್ಲವೆಂದಿತು. ಅದೇ ವ್ಯಾಜ್ಯವು ೨೦೧೫ರಲ್ಲಿ ಯೂರೋಪಿನ ನ್ಯಾಯಸ್ಥಾನಕ್ಕೆ ಹೋದಾಗ, ಅದು ಹಕ್ಕೇ ಹೌದು, ಆದರೆ ಭಂಗವಾಗಿಲ್ಲ ಎಂಬ ತೀರ್ಪು ಬಂದಿತು. ಸೋತವಳಿಗೆ ಇವುಗಳಲ್ಲಿ ಯಾವ ಭೇದ ಕಂಡಿತೋ ತಿಳಿಯದು.

ಆ ೨೦೧೫ನೆಯ ಇಸವಿಯಲ್ಲಿಯೇ ಲಂಡನ್ನಿನ ಸುಪ್ರೀಂ ಕೋರ್ಟಿನಿಂದ ಎರಡು ಮುಖ್ಯವಾದ ತೀರ್ಪುಗಳು ಹೊರಬಿದ್ದುವು. ಒಂದು 'ದುರ್ಬಲ'ನಾರೆಂಬುದನ್ನು ಕುರಿತುದು. ೧೯೯೮ರ ಕ್ಯಾಮ್‌ಡೆನ್ ಪ್ರಕರಣದಿಂದೀಚೆಗೆ ಅರ್ಜಿದಾರನನ್ನು 'ಸಾಮಾನ್ಯ ನಿರ್ವಸತಿಕ'ನೊಡನೆ ಹೋಲಿಸುತ್ತಿದ್ದರು. ಬೀದಿಯಲ್ಲಿರುವವರಲ್ಲಿ ರೋಗಿಗಳೂ ಖಿನ್ನರೂ ವ್ಯಸನಿಗಳೂ ಬಹುಮಂದಿಯಾದುದರಿಂದ, ರೋಗಿಯೂ ಅಲ್ಲಿ ಸಾಮಾನ್ಯನಾಗಿಬಿಡುತ್ತಿದ್ದನು. ವ್ಯಾಧಿಯು ಹೆಚ್ಚಿದಷ್ಟೂ ಹಕ್ಕು ಕುಗ್ಗುವ ವಿಪರ್ಯಾಸವಿದು. ನ್ಯೂಬರ್ಗರ್ ಪ್ರಭುವು ಈ ಅಳತೆಗೋಲನ್ನು ಬದಲಾಯಿಸಿ, ಮನೆ ಕಳೆದುಕೊಂಡರೆ ಸಾಮಾನ್ಯ ಮನುಷ್ಯನು ಹೇಗಿರುವನೋ ಅದರೊಡನೆ ಹೋಲಿಸಬೇಕೆಂದನು.

ಇನ್ನೊಂದು ವೆಸ್ಟ್‌ಮಿನ್‌ಸ್ಟರ್ ಪೌರಸಭೆಯ ಪ್ರಕರಣ. ಐವರು ಮಕ್ಕಳ ತಾಯಿ, ರೋಗಪೀಡಿತೆ. ಬಾಡಿಗೆಯ ಸಹಾಯದ್ರವ್ಯಕ್ಕೆ ಸರ್ಕಾರವು ಮಿತಿಯನ್ನು ಹಾಕಿದ ಮೇಲೆ ಅವಳಿಗೆ ಇದ್ದ ಮನೆಯನ್ನು ಉಳಿಸಿಕೊಳ್ಳಲಾಗಲಿಲ್ಲ. ಪೌರಸಭೆಯು ಅವಳಿಗೆ ಸುಮಾರು ಐವತ್ತು ಮೈಲಿ ದೂರದ ಮಿಲ್ಟನ್ ಕೀನ್ಸ್ ಬಳಿಯ ಬ್ಲೆಚ್ಲಿಯಲ್ಲಿ ಒಂದು ಮನೆಯನ್ನು ತೋರಿಸಿತು. ಮಕ್ಕಳ ಶಾಲೆ, ತನಗೆ ಕೈನೆರವಾಗುತ್ತಿದ್ದ ಗೆಳತಿಯರು, ಎಲ್ಲವೂ ಇಲ್ಲಿಯೇ ಎಂದು ಅವಳು ಒಪ್ಪಲಿಲ್ಲ. ಒಡನೆಯೇ ಪೌರಸಭೆಯು ತನ್ನ ಕರ್ತವ್ಯವು ತೀರಿತೆಂದು ಬರೆಯಿತು. ವ್ಯಾಜ್ಯವು ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತಿರುವಾಗ ಮಕ್ಕಳು ತಾಯಿಯನ್ನಗಲಿ ಪರರ ಸಾಕುಮನೆಗಳಲ್ಲಿ ಇರಬೇಕಾಯಿತು. ೨೦೧೫ರ ಏಪ್ರಿಲ್ ೨ರಂದು ಐವರು ನ್ಯಾಯಾಧಿಪತಿಗಳು ಏಕಮತದಿಂದ ಅವಳ ಪರವಾಗಿ ತೀರ್ಪಿತ್ತರು. ಆದಷ್ಟು ಮಟ್ಟಿಗೆ ತನ್ನ ಎಲ್ಲೆಯೊಳಗೇ ವಸತಿ ಕೊಡಬೇಕೆಂದು ಕಾಯಿದೆ ಹೇಳುತ್ತದೆ. ಇಲ್ಲಿ ಏಕೆ ಆಗಲಿಲ್ಲ, ಇನ್ನೂ ಹತ್ತಿರದಲ್ಲಿ ಏಕೆ ದೊರೆಯಲಿಲ್ಲ ಎಂಬುದಕ್ಕೆ ಪೌರಸಭೆಯ ಪತ್ರದಲ್ಲಿ ಎಲ್ಲರಿಗೂ ಬರೆಯುವ ಸಿದ್ಧವಾಕ್ಯಗಳಲ್ಲದೆ ಬೇರೇನೂ ಇರಲಿಲ್ಲ. ಹೇಲ್ ಎಂಬ ನ್ಯಾಯಾಧೀಶೆಯು ಈ ಕೊರತೆಯನ್ನು ಬಿಡಿಸಿ ತೋರಿಸಿದಳು. ಕಾರಣವನ್ನು ಬರೆದರೆ ಸಾಲದು, ಅದು ಆ ಅರ್ಜಿದಾರಳ ವಿಷಯದಲ್ಲಿ ನಿಜವಾಗಿ ಯೋಚಿಸಿದ ಕಾರಣವಾಗಿರಬೇಕೆಂಬುದು ಇದರಿಂದ ಸ್ಥಿರವಾಯಿತು.

೨೦೧೭ರಲ್ಲಿ ಬಾಬ್ ಬ್ಲ್ಯಾಕ್‌ಮನ್ ಎಂಬ ಕನ್ಸರ್ವೆಟಿವ್ ಸದಸ್ಯನ ಖಾಸಗಿ ಮಸೂದೆಯು ಕಾಯಿದೆಯಾಗಿ, ೨೦೧೮ರ ಏಪ್ರಿಲ್ ೩ರಿಂದ ಇಂಗ್ಲೆಂಡಿನಲ್ಲಿ ಜಾರಿಗೆ ಬಂದಿತು. ಇನ್ನು ಐವತ್ತಾರು ದಿನಗಳೊಳಗೆ ಮನೆಯನ್ನು ಕಳೆದುಕೊಳ್ಳುವ ಸಂಭವವಿದ್ದವನಿಗೂ ನೆರವಾಗಬೇಕು. ಆದ್ಯತೆಯ ವರ್ಗಕ್ಕೆ ಸೇರದ ಒಂಟಿ ಗಂಡಸಿಗೂ ವಸತಿಯನ್ನು ಹುಡುಕಿಕೊಳ್ಳಲು ಸಹಾಯ ಮಾಡಬೇಕು. ಯಾರು ಯಾವ ಪ್ರಯತ್ನವನ್ನು ಮಾಡತಕ್ಕದ್ದೆಂಬುದನ್ನು ಇಬ್ಬರೂ ಕುಳಿತು ಬರೆದಿಡಬೇಕು. ಆ ಬರಹದಲ್ಲಿ ಪೌರಸಭೆಯು ಒಪ್ಪಿಕೊಂಡ ಕೆಲಸಗಳು ಸಾಲವೆಂದು ತೋರಿದರೆ ಅದನ್ನೂ ಪುನರ್ವಿಮರ್ಶೆಗೆ ಒಳಪಡಿಸಬಹುದು.

ಪುನರ್ವಿಮರ್ಶೆಗೆ ಸಾಮಾನ್ಯವಾಗಿ ಎಂಟು ವಾರಗಳು ಹಿಡಿಯುತ್ತವೆ. ಅಲ್ಲಿಯವರೆಗೆ ಅರ್ಜಿದಾರನಿಗೆ ತಂಗಲು ಎಡೆ ಕೊಡುವ ಅಧಿಕಾರವು ಪೌರಸಭೆಗೆ ಉಂಟು, ಕರ್ತವ್ಯವಿಲ್ಲ. ಅವನ ವಾದದಲ್ಲಿ ಎಷ್ಟು ಬಲವಿದೆ, ಹೊಸ ಸಂಗತಿ ಏನಾದರೂ ಬಂದಿದೆಯೆ, ಅವನ ಸ್ವಂತ ಸ್ಥಿತಿ ಹೇಗಿದೆ ಎಂಬ ಮೂರನ್ನು ತೂಗಿ ನೋಡಬೇಕೆಂದು ಕ್ಯಾಮ್‌ಡೆನ್ನಿನ ಮತ್ತೊಂದು ಪ್ರಕರಣದಲ್ಲಿ ಹೈಕೋರ್ಟು ೧೯೯೭ರಲ್ಲಿಯೇ ಹೇಳಿತು. ತೂಗುವುದು ಮಾತ್ರ, 'ಇಲ್ಲ'ವೆಂದು ಬರೆದ ಆ ಕಚೇರಿಯೇ.